ಗೋಲ್‌ಕೀಪರನ ತೆಕ್ಕೆಯ ಕುರಿಮರಿ

ಸುಳ್ಳು ಹೇಳುವುದು ಅಂಥ ಕಷ್ಟದ ಕೆಲಸವೇನಲ್ಲ. ಹೇಳಿದ ಸುಳ್ಳು ಗೋಡೆಗೆ ನೇತುಬಿದ್ದಿರುವಾಗ ಅದರ ಎದುರಿಗೆ ಕೂತು ನೌಕರಿ ಮಾಡುವುದಿದೆಯಲ್ಲ, ಅದು ಕಷ್ಟ. ಯಾದಗಿರಿಯಲ್ಲಿ ನಾನು ಓದಿದ ಶಾಲೆಯಲ್ಲೇ ಮಾಸ್ತರನಾದೆ. ನನ್ನ ಕುರ್ಚಿಯ ಎದುರು ಗೋಡೆಯ ಮೇಲೆ ಫುಟ್‌ಬಾಲಿನ ಹಿತ್ತಾಳೆ ಶೀಲ್ಡು. ಅದರ ಮೇಲಿನ ಉರ್ದು ಅಕ್ಷರ ಈಗಿನ ಮಕ್ಕಳಿಗೆ ಓದಲು ಬಾರದು. ನನ್ನ ಗ್ರಹಚಾರ, ನನಗೆ ಬರುತ್ತದೆ. ಹೊಸ ಹೆಡ್‌ಮಾಸ್ತರರು ಬಂದಾಗಲೆಲ್ಲ ನನ್ನನ್ನು ಮಕ್ಕಳ ಮುಂದೆ ನಿಲ್ಲಿಸಿ, "ಆ ಗೋಲು ತಡೆದವರು ಇವರೇ" ಎನ್ನುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ. ಮಕ್ಕಳು ಅದನ್ನು ವಿನಯ ಎಂದುಕೊಳ್ಳುತ್ತಿದ್ದರು.

ಅದು ನಿಜಾಮರ ಆಳ್ವಿಕೆಯ ಕೊನೆಗಾಲ. ಕಾಲೇಜು ಬೇಕೆಂದರೆ ಕಲಬುರಗಿಗೆ ಹೋಗಬೇಕು. ಹಾಗಾಗಿ ಊರಿನವರು ನಮ್ಮ ಶಾಲೆಯ ಟೀಮನ್ನೇ ಕಾಲೇಜಿನ ಟೀಮೆಂದು ಮೆರೆಸುತ್ತಿದ್ದರು. ಸುರಪುರ, ಶಹಾಪುರ, ನಾವು, ಮೂರು ಊರಿನ ನಡುವೆ ಚಳಿಗಾಲವಿಡೀ ಪಂದ್ಯ. ನಮ್ಮ ಡ್ರಿಲ್ ಮಾಸ್ತರ್ ಖಾದರ್ ಸಾಹೇಬರು ಗೆರೆಯಾಚೆ ನಿಂತು ಉರ್ದುವಿನಲ್ಲಿ ಹುಕುಂ ಕೊಡುವರು. ಕ್ಲಾಸಿನಲ್ಲಿ ತಿಳಿಯುತ್ತಿದ್ದ ಉರ್ದು ಓಡುವಾಗ ತಿಳಿಯುತ್ತಿರಲಿಲ್ಲ. ಅರ್ಥವಾಗುವ ಹೊತ್ತಿಗೆ ಚೆಂಡು ಎದುರಾಳಿಯ ಕಾಲಲ್ಲಿ. ಸುರಪುರದಲ್ಲಿ ಚೆನ್ನಾಗಿ ಒದೆಸಿಕೊಂಡು ಬಂದೆವು.

ದಾರಿ ತೋರಿಸಿದವನು ಮಲ್ಲಪ್ಪ. ರಾಮಸಮುದ್ರದ ಕುರಿ ಸಾಕುವ ಮನೆಯವನು, ಮೈದಾನದ ನಡುವೆ ಆಡುತ್ತಿದ್ದ. ಒಂದು ಸಂಜೆ ಬೇಸತ್ತು, ನಾಲಿಗೆ ಮಡಚಿ ಕುರಿಗೆ ಕೂಗುವಂತೆ ಕೂಗಿದ. ಟೀಮಿನಲ್ಲಿದ್ದ ಮೂವರು ಕುರುಬರ ಹುಡುಗರು ತಟ್ಟನೆ ಅಗಲಕ್ಕೆ ಚದುರಿದರು! ವಾರದೊಳಗೆ ನಮಗೆಲ್ಲ ಪಾಠವಾಯಿತು: ಚದುರಲು ಒಂದು ಕೂಗು, ತಿರುಗಲು ಒಂದು, ಗುಂಪುಗೂಡಲು ಒಂದು. ಸಾಹೇಬರು ಮೂರು ದಿನ ಮುನಿಸಿಕೊಂಡರು. ಆಮೇಲೆ ಮನೆಯಲ್ಲಿ ಗುಟ್ಟಾಗಿ ಅಭ್ಯಾಸ ಮಾಡತೊಡಗಿದರು. ಅಂಗಳಕ್ಕೆ ಯಾರದೋ ಕುರಿ ನುಗ್ಗಿದೆ ಎಂದು ಅವರ ಬೀಬಿ ಕೋಲು ಹಿಡಿದು ಬಂದರಂತೆ.

ನಾನು ಗೋಲ್‌ಕೀಪರ್ ಆದದ್ದು ಆಟ ಬಲ್ಲೆನೆಂದಲ್ಲ. ನಮ್ಮದು ಭೀಮಾ ದಂಡೆಯ ಬಲೆ ಬೀಸುವ ಮನೆ. "ಮೀನ ಹಿಡಿಯೋ ಕೈ, ಚೆಂಡ ಬಿಡ್ತದೇನು?" ಎಂದರು ಸಾಹೇಬರು. ಬಿಡುತ್ತಿತ್ತು. ಮೀನನ್ನು ಹಿಡಿಯುವುದು ಬಲೆ, ಕೈಯಲ್ಲ. ಆದರೆ ನನ್ನನ್ನು ಕೇಳಿದವರಾರು? ಆದರೂ ಮಲ್ಲಪ್ಪನ ಕೂಗಿನಿಂದ ಚೆಂಡು ನನ್ನ ತನಕ ಬರುವುದೇ ಅಪರೂಪವಾಗಿ, ಮುಂದಿನ ಪಂದ್ಯಗಳನ್ನೆಲ್ಲ ಗೆದ್ದೆವು. ಕೊನೆಯದು ಶಹಾಪುರದಲ್ಲಿ, ಶಹಾಪುರದವರ ಮೇಲೇ. ಗೆದ್ದವರಿಗೆ ಶೀಲ್ಡು.

ಮೈದಾನದ ಪಕ್ಕದ ಹೊಲದಲ್ಲಿ ಮಲ್ಲಪ್ಪನ ಸೋದರಮಾವನ ಕುರಿಹಿಂಡು ಬೀಡುಬಿಟ್ಟಿತ್ತು. ಮಾವ ಕಂಬಳಿ ಹೊದ್ದು ಅಳಿಯನ ಆಟ ನೋಡುತ್ತಿದ್ದ. ನಾವು ಒಂದು ಗೋಲಿನಿಂದ ಮುಂದಿದ್ದೆವು, ಆಟ ಮುಗಿಯಲು ನಾಲ್ಕೈದು ನಿಮಿಷ. ಅಷ್ಟರಲ್ಲಿ ಅವರ ಉದ್ದನೆಯ ಹುಡುಗನೊಬ್ಬ ಎಲ್ಲರನ್ನೂ ದಾಟಿ ಚೆಂಡಿನೊಡನೆ ಒಬ್ಬನೇ ನನ್ನ ಕಡೆ ಬಂದ. ಹಿಂದಿನಿಂದ ಮಲ್ಲಪ್ಪನ ಉದ್ದನೆಯ ಕೂಗು ಕೇಳಿತು. ನಮ್ಮವರು ಗುಂಪುಗೂಡುವ ಮೊದಲೇ ಇಡೀ ಹಿಂಡು ಮೈದಾನಕ್ಕೆ ನುಗ್ಗಿತು. ಧೂಳೋ ಧೂಳು. ಏನೋ ಬಂದು ಎದೆಗೆ ಬಡಿಯಿತು. ಗಟ್ಟಿಯಾಗಿ ತಬ್ಬಿಕೊಂಡು ಉರುಳಿದೆ. "ಹಿಡದಾ! ಹಿಡದಾ!" ಎಂದು ನಮ್ಮವರು ಕಿರುಚಿದರು. ನನ್ನ ತೆಕ್ಕೆಯೊಳಗಿನಿಂದ "ಬ್ಯಾ" ಎಂಬ ದನಿ ಬಂತು.

ಚೆಂಡು ಗೋಲಿನ ಗೆರೆ ದಾಟಿ ಒಂದು ಮೊಳ ಒಳಗೆ ಬಿದ್ದಿತ್ತು. ಗೋಲಿಗೆ ಜಾಳಿಗೆ ಇರಲಿಲ್ಲ, ಧೂಳಿನಲ್ಲಿ ಯಾರಿಗೂ ಕಾಣುವಂತಿರಲಿಲ್ಲ. ಮಲಗಿದ್ದಲ್ಲಿಂದಲೇ ಕಾಲು ಚಾಚಿ, ಹಿಮ್ಮಡಿಯಿಂದ ಅದನ್ನು ಈಚೆಗೆ ಎಳೆದೆ. ರೆಫರಿ ಶಿರವಾಳದ ಹಿರಿಯ ಮಾಸ್ತರರು. ಕುರಿ ಬಂದರೆ ಏನು ಮಾಡಬೇಕೆಂಬ ಕಾಯದೆ ಅವರ ಬಳಿ ಇರಲಿಲ್ಲ. ಬಂದು ಬಾಗಿ ಕೇಳಿದರು:

"ಚೆಂಡು ಗೆರಿ ದಾಟಿತ್ತೇನಪ? ನೀ ಹೇಳಿದ್ದೇ ಕಾಯಂ."

"ಇಲ್ರಿ" ಎಂದೆ. ಕುರಿಮರಿ ಇನ್ನೂ ತೆಕ್ಕೆಯಲ್ಲೇ ಇತ್ತು.

ನನ್ನ ಕೊರಳಿಗೆ ಹಾರ ಬಿತ್ತು. ಮಲ್ಲಪ್ಪನಿಗೆ ಸಾಹೇಬರು ಎಲ್ಲರೆದುರು ಛೀಮಾರಿ ಹಾಕಿದರು: "ನಿನ್ನ ಹುಚ್ಚ ಕೂಗಿನಿಂದ ಶೀಲ್ಡು ಹೋಗ್ತಿತ್ತಲ್ಲೋ! ಇಂವಾ ಇದ್ದಾನಂತ ಉಳೀತು." ಮಲ್ಲಪ್ಪ ನನ್ನ ತೋಳಿನಿಂದ ಮರಿಯನ್ನು ತೆಗೆದುಕೊಂಡು ಹೋದ. ನನಗೆ ಸುಳ್ಳಿಗಿಂತ ಹೆಚ್ಚು ಚುಚ್ಚಿದ್ದು ಅದು. ನಾನು ಬಾಯಿ ತೆರೆದಿದ್ದರೆ ಆಗುತ್ತಿತ್ತು. ಹಾರದ ಚೆಂಡುಹೂವು ಘಮ್ಮೆನ್ನುತ್ತಿತ್ತು, ತೆರೆಯಲಿಲ್ಲ. ಅದಕ್ಕಾಗಿ ಇವತ್ತಿಗೂ ನಾಚಿಕೆಯಾಗುತ್ತದೆ.

ನಿವೃತ್ತಿಯ ದಿನದ ಭಾಷಣದಲ್ಲಾದರೂ ಸತ್ಯ ಹೇಳಿಬಿಡಬೇಕೆಂದು ನಿಶ್ಚಯಿಸಿದೆ. ಮೊದಲು ಮಲ್ಲಪ್ಪನಿಗೆ ಹೇಳುವುದು ನ್ಯಾಯವೆಂದು ರಾಮಸಮುದ್ರಕ್ಕೆ ಹೋದೆ. ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದ.

"ಮಲ್ಲಪ್ಪ, ಅವತ್ತ ಚೆಂಡು ಗೆರಿ ದಾಟಿತ್ತೋ. ನಾ ಸುಳ್ಳ ಹೇಳಿದ್ದೆ. ನಿನ್ನ ಕೂಗು ತಪ್ಪಿ ಕುರಿ ಬಂದ್ವು, ಪಾಪ, ನೀ ಸುಮ್ಮನ ಬೈಸಿಕೊಂಡಿ."

ಅವನ ತಕಲಿ ನಿಲ್ಲಲಿಲ್ಲ. "ನನ್ನ ಕೂಗು ಎಲ್ಲಿ ತಪ್ಪಿತ್ತಪ? ನಿಮ್ಮನ್ನ ಕರಿಯೋ ಕೂಗು ಬ್ಯಾರೆ, ಕುರಿ ಕರಿಯೋದು ಬ್ಯಾರೆ. ನಾ ಕುರೀನೇ ಕರದಿದ್ದೆ."

"ಯಾಕೋ?"

"ಮತ್ತೇನ್ ಮಾಡ್ಲಿ? ಅಂವಾ ಒಬ್ಬನೇ ಬರಾಕತ್ತಿದ್ದ. ಗೋಲಿನ್ಯಾಗ ನೀ ಇದ್ದಿ."

ಚಹಾ ಕುಡಿಸಿ ಕಳಿಸಿದ. ಮುಂದಿನ ವಾರ ಮಕ್ಕಳೆದುರು ನಿಂತು, ಚೆಂಡು ಗೆರೆ ದಾಟಿದ್ದನ್ನೂ ನಾನು ಸುಳ್ಳಾಡಿದ್ದನ್ನೂ ಬಿಚ್ಚಿ ಹೇಳಿದೆ. ಹೆಡ್‌ಮಾಸ್ತರರು ಕಣ್ಣೊರೆಸಿಕೊಂಡರು. ನನಗೂ ಎದೆ ಹಗುರಾಯಿತು. ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಆದ್ರ ಕುರಿ ಯಾಕ ಬಂದ್ವು ಸರ್?"

ಆ ದಿನಕ್ಕೆಂದು ಗೋಡೆಯಿಂದ ಇಳಿಸಿ ಮೇಜಿನ ಮೇಲಿಟ್ಟಿದ್ದ ಶೀಲ್ಡಿನ ಕಡೆ ನೋಡಿದೆ.

"ಕುರಿಗೇನು ತಿಳೀತದವ್ವ," ಎಂದೆ, "ತಾವಾಗೇ ಬಂದ್ವು."