ಅವ್ವನ ಉಯಿಲು ಮತ್ತು ಜಗಲಿಯ ನಾಯಿ

ಸಾವಿನ ಬಗ್ಗೆ ನಾವೆಲ್ಲ ಧಾರಾಳವಾಗಿ ಮಾತಾಡುತ್ತೇವೆ, ಪಕ್ಕದ ಮನೆಯವರದ್ದಾದರೆ. ಸ್ವಂತ ಮನೆಯ ಹಿರಿಯರ ಮುಂದೆ ಉಯಿಲು ಎಂಬ ಶಬ್ದ ಎತ್ತುವುದು ಅವರ ಕಣ್ಣೆದುರೇ ಚಟ್ಟದ ಬಿದಿರು ಆರಿಸಿದಂತೆ. ಚಳ್ಳಕೆರೆಯ ಒಂದು ಎಣ್ಣೆ ಗಿರಣಿಯಲ್ಲಿ ಮೇಲ್ವಿಚಾರಕನಾಗಿದ್ದು ನಿವೃತ್ತನಾದ ನಾನು ಆ ಧೈರ್ಯ ಮಾಡಿದ್ದು ಅವ್ವನ ಮೇಲಿನ ಕಾಳಜಿಯಿಂದ ಎಂದು ಊರಿಗೆಲ್ಲ ಹೇಳಿದ್ದೇನೆ. ನಿಮಗೆ ನಿಜ ಹೇಳುತ್ತೇನೆ. ನಾನು ವಾಸವಾಗಿರುವ ಮನೆ ಅವ್ವನ ಹೆಸರಿನಲ್ಲಿದೆ. ಮೊಳಕಾಲ್ಮೂರಿನ ತವರಿನಲ್ಲಿ ಕಲಿತ ರೇಷ್ಮೆ ಸೀರೆ ನೇಯ್ಗೆಯಿಂದ ದುಡಿದು ಅವಳೇ ಕಟ್ಟಿಸಿದ್ದು. ಅಪ್ಪ ಹೋಗಿ ಬಹಳ ಕಾಲವಾಯಿತು. ಅವ್ವ ಏನೂ ಬರೆದಿಡದೆ ಹೋದರೆ ನನಗೂ ತಮ್ಮ ತಿಪ್ಪೇಶನಿಗೂ ತಂಗಿ ಓಬಮ್ಮನಿಗೂ ಸಮಪಾಲು. ಮನೆಯಲ್ಲಿ ಇರುವುದು ಒಂದೇ ಬಚ್ಚಲು. ಅದು ತಿಪ್ಪೇಶನ ಪಾಲಿಗೆ ಬಂದರೆ ನಾನು ಸ್ನಾನಕ್ಕೆ ಅವನ ಅಪ್ಪಣೆ ಕೇಳಬೇಕೇ ಎಂಬ ಚಿಂತೆ ನನ್ನನ್ನು ಹಿಡಿದಿತ್ತು.

ಆದ್ದರಿಂದ ಉಯಿಲಿನ ಗೊಡವೆಯೇ ಬೇಡ, ಈಗಲೇ ದಾನಪತ್ರ ಮಾಡಿ ಮನೆಯನ್ನು ನನ್ನ ಹೆಸರಿಗೆ ಬರೆದು ನಿಶ್ಚಿಂತೆಯಾಗಿರು ಎಂದು ಅವ್ವನಿಗೆ ಸಲಹೆ ಕೊಟ್ಟೆ. ಅವ್ವ ಇಲ್ಲ ಎನ್ನಲಿಲ್ಲ, ತಿಳಿದವರನ್ನು ಕೇಳೋಣ ಎಂದಳು. ಹೇಗೋ ವಾಸನೆ ಹಿಡಿದ ತಿಪ್ಪೇಶ ವಕೀಲರ ಕಚೇರಿಗೆ ಹೋಗಲು ತಾನೇ ಆಟೋ ತಂದ. ವಕೀಲೆ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆಸ್ತಿ ಯಾರದೋ ಅವರೊಂದಿಗೆ ಮಾತ್ರ ತನ್ನ ಮಾತು ಎಂದು ನಗುನಗುತ್ತಲೇ ನಮ್ಮಿಬ್ಬರನ್ನೂ ಹೊರಗಿನ ಬೆಂಚಿಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಅವ್ವನ ನಗು ಕೇಳಿಸಿತು. ಹೆತ್ತ ತಾಯಿ ವಕೀಲರ ಕೋಣೆಯಲ್ಲಿ ನಗುವುದಕ್ಕಿಂತ ಭೀಕರವಾದ ಸದ್ದನ್ನು ನಾನು ಗಿರಣಿಯಲ್ಲೂ ಕೇಳಿಲ್ಲ.

ಹಿಂದಿರುಗುವಾಗ ಅವ್ವ ದಾರಿಯುದ್ದಕ್ಕೂ ಪಾಠ ಒಪ್ಪಿಸಿದಳು. ದಾನಪತ್ರ ಮಾಡಿದರೆ ಮನೆ ಆವತ್ತೇ ಕೈಬಿಟ್ಟಂತೆ. ಆಮೇಲೆ ಮಕ್ಕಳು ಅನ್ನ ಹಾಕದಿದ್ದರೆ ಅದನ್ನು ರದ್ದು ಮಾಡಿಸಲು ಅಧಿಕಾರಿಗಳ ಮುಂದೆ ಅಲೆಯಬೇಕು, ಅದೂ ನೋಡಿಕೊಳ್ಳಬೇಕೆಂಬ ಷರತ್ತು ಬರೆಸಿದ್ದರೆ. ಉಯಿಲಾದರೆ ಕಣ್ಣು ಮುಚ್ಚುವತನಕ ಮನೆ ತನ್ನದೇ. ಸ್ವಂತ ದುಡಿಮೆಯದ್ದಾದ್ದರಿಂದ ಯಾರಿಗೆ ಬೇಕಾದರೂ ಬರೆಯಬಹುದು. ಪಾಲಿಲ್ಲದ ಇಬ್ಬರು ಸಾಕ್ಷಿಗಳಿದ್ದರೆ ಸಾಕು. ಆಟೋ ಇಳಿಯುವಾಗ ಉಳಿದದ್ದನ್ನೂ ಹೇಳಿದಳು.

"ಎಷ್ಟು ಸಲ ಬೇಕಾದ್ರೂ ಬದಲಾಯಿಸ್ಬೋದಂತೆ ಕಣಪ್ಪ. ಕಡೇದೇ ನಿಲ್ಲೋದಂತೆ."

ಅಂದಿನಿಂದ ನಮ್ಮ ಮನೆಯಲ್ಲಿ ರಾಜ್ಯಭಾರ ಬದಲಾಯಿತು. ನಾನು ಟೀವಿ ಜೋರಾಗಿ ಹಾಕಿದರೆ ಅವ್ವ ಬೈಯುತ್ತಿರಲಿಲ್ಲ. ಮೆಲ್ಲಗೆ ಎದ್ದು, ಒಳ್ಳೆಯ ಸೀರೆ ಉಟ್ಟು, ವಕೀಲೆಯ ಬಳಿ ಹೋಗಿಬರುತ್ತಿದ್ದಳು. ತಿಪ್ಪೇಶ ದಿನಾ ಶೇಂಗಾ ಉಂಡೆ ತರತೊಡಗಿದ. ಅವ್ವನ ಬಾಯಲ್ಲಿ ಹಲ್ಲಿಲ್ಲ ಎಂಬುದನ್ನು ಅವನು ಅದುವರೆಗೆ ಗಮನಿಸಿರಲಿಲ್ಲ. ಓಬಮ್ಮ ಮೊಳಕಾಲ್ಮೂರಿನಿಂದ ಬಸ್ಸು ಹತ್ತಿ ಬಂದು, ನಾನು ಅವ್ವನ ಬಲಗಾಲು ಒತ್ತುತ್ತಿದ್ದುದನ್ನು ಕಂಡು ಎಡಗಾಲನ್ನು ವಹಿಸಿಕೊಂಡಳು. ನನ್ನ ಹೆಂಡತಿ ಸರೋಜ ಮಾತ್ರ, ಮಾತ್ರೆ ನುಂಗದಿದ್ದರೆ ಅವ್ವನನ್ನು ಮೊದಲಿನಂತೆಯೇ ಗದರುತ್ತಿದ್ದಳು. ಹೀಗಾದರೆ ಮನೆ ಕೈತಪ್ಪುತ್ತದೆ ಎಂದು ನಾನು ಅವಳನ್ನು ಗುಟ್ಟಾಗಿ ಎಚ್ಚರಿಸಿದೆ.

ಒಂದು ದಿನ ಅವ್ವ ಜಗಲಿಯ ಮೇಲೆ ಮಲಗುವ ಬೀದಿನಾಯಿಯನ್ನು ತೋರಿಸಿ, ಏನೂ ಕೇಳದೆ ಈ ಮನೆ ಕಾಯುವವನು ಇವನೊಬ್ಬನೇ, ಇವನ ಹೆಸರಿಗೇ ಬರೆದರೆ ಹೇಗೆ ಎಂದಳು. ನಾಯಿಗೆ ಆಸ್ತಿ ಬರೆಯಲು ಕಾನೂನಿನಲ್ಲಿ ಅವಕಾಶವಿಲ್ಲವೆಂದು ವಕೀಲೆ ಹೇಳಿದ್ದಳಂತೆ. ಆದರೆ ನಾಯಿಯನ್ನು ನೋಡಿಕೊಳ್ಳುವವರಿಗೆ ಬರೆಯಬಹುದಂತೆ. ಮರುದಿನ ಬೆಳಿಗ್ಗೆ ತಿಪ್ಪೇಶ ಬಿಸ್ಕತ್ತು ಹಿಡಿದು ಬಂದಾಗ ನಾನಾಗಲೇ ನಾಯಿಗೆ ಎಣ್ಣೆ ನೀರು ಹಾಕುತ್ತಿದ್ದೆ. ಗಡಿಯ ತೆಲುಗು ಬಲ್ಲ ಓಬಮ್ಮ ಅದನ್ನು "ರಾ ನಾಯನಾ", ಅಂದರೆ ಬಾರಪ್ಪಾ, ಎಂದು ಕರೆದು ಮೊಸರನ್ನ ಉಣ್ಣಿಸಿದಳು. ಗಂಡುಮಕ್ಕಳಾದ ನಾವು ಬಹುವಚನ ಬಳಸತೊಡಗಿದೆವು. ನಾಯಿ ದಪ್ಪಗಾಗಿ ಬೊಗಳುವುದನ್ನೇ ಬಿಟ್ಟಿತು.

ತಿಪ್ಪೇಶ ಅದಕ್ಕೊಂದು ಪಟ್ಟಿ ಕಟ್ಟಿ ತನ್ನ ಮನೆಗೆ ಕರೆದೊಯ್ಯಲು ಹೊರಟ ದಿನ ನಾನು ಹಿಂದಿನ ಕಾಲು ಹಿಡಿದುಕೊಂಡೆ. ಅವನು ಮುಂದಕ್ಕೆಳೆದ, ನಾನು ಹಿಂದಕ್ಕೆಳೆದೆ, ಓಬಮ್ಮ ನಡುವನ್ನು ತಬ್ಬಿಕೊಂಡಳು. ನಾಯಿ ಮೂವರನ್ನೂ ಸಮವಾಗಿ ಕಚ್ಚಿ, ಪಟ್ಟಿ ಕಳಚಿಕೊಂಡು ಓಡಿಹೋಯಿತು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಬಂದ ನಮ್ಮನ್ನು ಅವ್ವ ಸಾಲಾಗಿ ಕೂರಿಸಿಕೊಂಡಳು. ಉಯಿಲು ಎರಡನೇ ಭೇಟಿಯಲ್ಲೇ ಬರೆದು ಮುಗಿದಿತ್ತಂತೆ, ಆಮೇಲೆ ಒಂದಕ್ಷರವೂ ಬದಲಾಗಿಲ್ಲವಂತೆ. ಮತ್ತೆ ಮತ್ತೆ ಹೋಗುತ್ತಿದ್ದುದು ಅಲ್ಲಿ ಟೀ ಚೆನ್ನಾಗಿರುತ್ತದೆ ಎಂಬ ಕಾರಣಕ್ಕಂತೆ. ಮನೆ ಮೂವರಿಗೂ ಸಮ. ಅಷ್ಟಕ್ಕೆ ಬರೆಯುವ ಅಗತ್ಯವೇನಿತ್ತು ಎಂದು ತಿಪ್ಪೇಶ ಕೇಳಿದ.

"ಸರೋಜ ಬದುಕಿರೋತನ್ಕ ಅವಳನ್ನ ಈ ಮನೆಯಿಂದ ಯಾರೂ ಎಬ್ಬಿಸೋ ಹಾಗಿಲ್ಲ. ಅದಕ್ಕೇ ಬರ್ಸಿದ್ದು," ಎಂದಳು ಅವ್ವ.

ಅಣ್ಣ ಎಲ್ಲಿರಬೇಕು ಎಂದು ಓಬಮ್ಮ ಪಾಪ, ಕಾಳಜಿಯಿಂದಲೇ ಕೇಳಿದಳು.

"ಅದು ಅವಳಿಷ್ಟ."

ಸರೋಜ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನೂ ಒರೆಸಿಕೊಂಡೆ, ಬೇರೆ ಕಾರಣಕ್ಕೆ.

ಈಚೆಗೆ ನನಗೂ ಉಯಿಲು ಬರೆಯುವ ಆಸೆಯಾಗಿದೆ. ನನ್ನ ಸ್ವಯಾರ್ಜಿತ ಆಸ್ತಿಯೆಂದರೆ ಒಂದು ಕಡೆಗೆ ಒರಗಿಸಿ ಅಲ್ಲಾಡಿಸದೆ ಹೊರಡದ ಹಳೇ ಸ್ಕೂಟರು. ಅದನ್ನು ನನ್ನನ್ನು ಚೆನ್ನಾಗಿ ನೋಡಿಕೊಂಡವರಿಗೆ ಬರೆಯುತ್ತೇನೆ ಎಂದು ಊಟಕ್ಕೆ ಕೂತಾಗ ಗಂಭೀರವಾಗಿ ಸಾರಿದೆ. ಸರೋಜ ನಮ್ಮ ಮಗಳ ಮುಖ ನೋಡಿದಳು, ಮಗಳು ತಾಯಿಯ ಮುಖ ನೋಡಿದಳು. ಅಂದಿನಿಂದ ಇಬ್ಬರೂ ನನ್ನ ಕಡೆ ತಿರುಗಿಯೂ ನೋಡುತ್ತಿಲ್ಲ.