ಸಂಪತ್ತಿನ ಮೂಲೆ ಮತ್ತು ಇಪ್ಪತ್ತೆರಡು ರವಿಕೆ

ಆರೇ ತಿಂಗಳಲ್ಲಿ ಲಕ್ಷ್ಮಿಯನ್ನು ಕೈ ಹಿಡಿದು ಕರೆತಂದು ನಮ್ಮ ಮನೆಯಲ್ಲಿ ಕೂರಿಸದಿದ್ದರೆ ನನ್ನ ಹೆಸರು ರಾಮಚಂದ್ರಪ್ಪನೇ ಅಲ್ಲ ಎಂದು, ೧೯೮೪ರ ಒಂದು ಶುಕ್ರವಾರ ಸಂಜೆ ನಾನು ಹೆಂಡತಿಯ ಮುಂದೆ ಘೋಷಿಸಿದೆ. ನಾನೇನು ಸಾಮಾನ್ಯನೇ? ಹರಿಹರದ ಕಾರ್ಖಾನೆಯೊಂದರಲ್ಲಿ ಹದಿನಾರು ವರ್ಷದಿಂದ ಸ್ಟೋರ್ ಕೀಪರ್. ಸಾವಿರಾರು ಬಗೆಯ ನಟ್ಟು ಬೋಲ್ಟುಗಳಲ್ಲಿ ಯಾವುದು ಯಾವ ಗೂಡಿನಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಅಂಥವನಿಗೆ ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಸಾಮಾನು ಜೋಡಿಸುವುದು ಯಾವ ಮಹಾ!

ಈ ಧೈರ್ಯ ಬಂದದ್ದು ಒಂದು ಪುಸ್ತಕದಿಂದ. ನನ್ನ ಸಹೋದ್ಯೋಗಿ ಫಜಲುಲ್ಲಾ ಸಾಹೇಬರ ಭಾಮೈದ ಹಿದಾಯತ್ ಹಡಗಿನಲ್ಲಿ ಅಡುಗೆಯವನು. ಅವನು ಹಾಂಗ್‌ಕಾಂಗಿನಿಂದ ತಂದ ಇಂಗ್ಲಿಷ್ ಪುಸ್ತಕ ಅದು. ಹೆಸರು ಫೆಂಗ್ ಶೂಯಿ. ಹಾಗೆಂದರೆ ಗಾಳಿ ಮತ್ತು ನೀರು. ಮನೆಯೊಳಗೆ ಇವೆರಡರ ನಡೆ ಸರಿಯಾಗಿದ್ದರೆ ಐಶ್ವರ್ಯ ತಾನಾಗಿ ಹುಡುಕಿಕೊಂಡು ಬರುತ್ತದಂತೆ. ಆಗ್ನೇಯ ದಿಕ್ಕು ಸಂಪತ್ತಿನ ಮೂಲೆ. ದುಡಿಯುವ ವಸ್ತು ಆ ಮೂಲೆಯಲ್ಲಿರಬೇಕು. ನೀರು ಹೋಗುವ ತೂತು ಅಲ್ಲಿದ್ದರೆ ಮಾತ್ರ ಸರ್ವನಾಶ, ಬಂದ ಸಂಪತ್ತೆಲ್ಲ ಅದರೊಳಗೆ ಇಳಿದುಹೋಗುತ್ತದೆ. ಚಿತ್ರ ನೋಡಿ ಅರ್ಧ, ಡಿಕ್ಷನರಿ ನೋಡಿ ಕಾಲುಭಾಗ ನನಗೆ ಅರ್ಥವಾಯಿತು. ಉಳಿದ ಕಾಲುಭಾಗಕ್ಕೆ ನನ್ನ ಸ್ವಂತ ಬುದ್ಧಿಯಿತ್ತು. ಕೆಟ್ಟದ್ದು ಅದರಿಂದಲೇ.

ನಮ್ಮ ಮನೆಯಲ್ಲಿ ದುಡಿಯುವ ವಸ್ತುವೆಂದರೆ ಹೊಲಿಗೆ ಮೆಷಿನ್. ನನ್ನ ಹೆಂಡತಿ ಶಾಂತಕುಮಾರಿ ರವಿಕೆ ಹೊಲಿಯುತ್ತಾಳೆ. ಬೀದಿ ಕಡೆಯ ಕಿಟಕಿಯ ಕೆಳಗೆ ಮೆಷಿನ್, ಪಕ್ಕದಲ್ಲಿ ಬಟ್ಟೆಯ ಗಂಟು. ಆ ವಾರ ಆ ಗಂಟಿನಲ್ಲಿ ಇಪ್ಪತ್ತೆರಡು ರವಿಕೆ ಕಣಗಳಿದ್ದವು. ಹರಿಹರದ ಗುರುಶಾಂತಮ್ಮನವರ ಮಗಳ ಮದುವೆಗೆ, ಮನೆಯ ಎಲ್ಲ ಹೆಂಗಸರಿಗೂ ಸೇರಿ. ಮದುವೆ ಗುರುವಾರ, ರವಿಕೆ ತಲುಪಬೇಕಾದದ್ದು ಮಂಗಳವಾರ. ಹರಿಹರದ ದೊಡ್ಡ ಮನೆಯೊಂದರ ಕೆಲಸ ಹಿಡಿಯಲು ಅವಳು ಮೂರು ವರ್ಷ ಕಾದಿದ್ದಳು. ಇದೊಂದು ಚೆನ್ನಾಗಿ ಆದರೆ ಅಲ್ಲಿಯ ಬೀದಿ ಪೂರ್ತಿ ಅವಳದು, ತಪ್ಪಿದರೆ ಆ ಊರಿನಲ್ಲಿ ಯಾರೂ ಅವಳ ಕೈಗೆ ಒಂದು ತುಂಡು ಬಟ್ಟೆ ಕೊಡುವುದಿಲ್ಲ. ಇದನ್ನು ಅವಳು ನನಗೆ ಹತ್ತು ಸಲ ಹೇಳಿದ್ದಳು.

ಶನಿವಾರ ಬೆಳಗ್ಗೆ ಫಜಲುಲ್ಲಾ ಕೊಟ್ಟಿದ್ದ ದಿಕ್ಸೂಚಿ ತೆಗೆದೆ. ಸಮತಟ್ಟಾದ ಜಾಗದಲ್ಲಿ ಇಡಬೇಕೆಂದು ಪುಸ್ತಕ ಹೇಳಿತ್ತು. ನಮ್ಮ ಮನೆಯಲ್ಲಿ ಸಮತಟ್ಟಾದ ಜಾಗ ಹೊಲಿಗೆ ಮೆಷಿನ್ನಿನ ಹಲಗೆಯೊಂದೇ. ಅದರ ಮೇಲೆ, ಮೆಷಿನ್ನಿಗೆ ತಾಗಿಸಿ ಇಟ್ಟೆ. ಮುಳ್ಳು ಗಿರ್ರನೆ ತಿರುಗಿ ಕಿಟಕಿಯತ್ತ ನಿಂತಿತು. ಅಂದರೆ ಕಿಟಕಿ ಉತ್ತರ. ಆದರೆ ಅದೇ ಕಿಟಕಿಯಿಂದ ಬೆಳಗಿನ ಬಿಸಿಲು ಒಳಗೆ ಬಂದು ನನ್ನ ಕಾಲ ಮೇಲೆ ಬಿದ್ದಿತ್ತು. ನಾನು ಗೊಂದಲಕ್ಕೆ ಬಿದ್ದೆ.

"ನಮ್ಮ ಮನೆ ಕಡೆ ಸೂರ್ಯ ಉತ್ತರಕ್ಕೆ ಹುಟ್ತಾನೆ ಕಣೆ," ಎಂದೆ.

ಶಾಂತಕುಮಾರಿ ತಾಯಿಯನ್ನು ನೋಡಲು ಆನೆಕೊಂಡಕ್ಕೆ ಹೊರಟಿದ್ದಳು. ಬಾಗಿಲಲ್ಲೇ ನಿಂತು ಹೇಳಿದಳು: "ಅದನ್ನ ಸೂರ್ಯಂಗೆ ಹೇಳ್ರಿ, ಪಾಪ, ಅವನಿಗೆ ಗೊತ್ತಿಲ್ಲ. ನನ್ನ ಮೆಷಿನ್ ಮಾತ್ರ ಮುಟ್ಟಬ್ಯಾಡ್ರಿ. ಸಂಜೀಕೆ ಬಂದು ಕತ್ತರಿ ಹಾಕ್ಬೇಕು."

ಸೂರ್ಯನೋ ದಿಕ್ಸೂಚಿಯೋ? ಬಹಳ ಹೊತ್ತು ಯೋಚಿಸಿದೆ. ಸೂರ್ಯನಿಗೆ ಮುಳ್ಳಿಲ್ಲ, ಗಾಜಿಲ್ಲ, ಡಿಗ್ರಿಯ ಗುರುತಿಲ್ಲ. ಯಂತ್ರದ ಮಾತೇ ಯಂತ್ರ ಕಾರ್ಖಾನೆಯವನಿಗೆ ವೇದ! ಆ ಲೆಕ್ಕದಲ್ಲಿ ಆಗ್ನೇಯ ಎಲ್ಲಿ ಬಂತೆಂದು ನೋಡಿದೆ. ಸಂಪತ್ತಿನ ಮೂಲೆ ನಮ್ಮ ಬಚ್ಚಲು! ಹದಿನಾರು ವರ್ಷದ ನನ್ನ ದುಡಿಮೆ ಎಲ್ಲಿ ಹೋಯಿತೆಂದು ಈಗ ತಿಳಿಯಿತು. ದಿನವೂ ಸ್ನಾನದ ನೀರಿನ ಜೊತೆ ತೂತಿನಲ್ಲಿ ಇಳಿದುಹೋಗಿತ್ತು.

ಕೂಡಲೇ ಕಾರ್ಯಾಚರಣೆಗೆ ಇಳಿದೆ. ಹಳೇ ಪಂಚೆ ಹರಿದು ಉಂಡೆ ಕಟ್ಟಿ ಬಚ್ಚಲ ತೂತಿಗೆ ತುರುಕಿದೆ. ಮೇಲೆ ಸಿಮೆಂಟು ಮೆತ್ತಿದೆ. ಬಚ್ಚಲೊಳಗೇ ಮೆಷಿನ್ ಇಡುವಷ್ಟು ದಡ್ಡ ನಾನಲ್ಲ. ಬಚ್ಚಲ ಬಾಗಿಲಿಗೆ ತಗುಲಿದಂತೆ ಇಟ್ಟೆ. ಬಟ್ಟೆಯ ಗಂಟನ್ನೂ ಪಕ್ಕದಲ್ಲಿ ನೆಲದ ಮೇಲಿಟ್ಟೆ. ಸೊಂಟ ಹಿಡಿದುಕೊಂಡಿತ್ತು, ಮನಸ್ಸು ಮಾತ್ರ ಹಗುರವಾಗಿತ್ತು. ಇಷ್ಟು ದೊಡ್ಡ ಕೆಲಸ ಮಾಡಿದವನಿಗೆ ಎರಡು ಬೆಣ್ಣೆ ದೋಸೆಯಾದರೂ ಬೇಡವೇ? ಬೀಗ ಹಾಕಿಕೊಂಡು ಹೊರಟೆ.

ನಮ್ಮ ಬೀದಿಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ, ಎಷ್ಟು ಹೊತ್ತಿಗೆಂದು ಯಾರಿಗೂ ತಿಳಿಯದು. ಆದ್ದರಿಂದ ಎಲ್ಲರೂ ಬಚ್ಚಲ ನಲ್ಲಿಯನ್ನು ತಿರುಗಿಸಿಯೇ ಬಿಟ್ಟು, ಕೆಳಗೊಂದು ಖಾಲಿ ಬಕೆಟ್ ಇಟ್ಟಿರುತ್ತಾರೆ. ಬಕೆಟ್ಟಿಗೆ ನೀರು ಬಿದ್ದ ಸದ್ದಾದರೆ ಓಡಿಹೋಗುವುದು. ಯಾರೂ ಇಲ್ಲದಾಗ ಬಂದರೂ ಚಿಂತೆಯಿಲ್ಲ, ಚೆಲ್ಲಿದ ನೀರು ತೂತಿನಲ್ಲಿ ಹೋಗುತ್ತದೆ. ಹೋಗುತ್ತಿತ್ತು.

ನಾನು ಮೂರನೇ ದೋಸೆ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಾಗ ನಮ್ಮ ಬೀದಿಗೆ ನೀರು ಬಂತು. ನಾನು ಬಂದು ಬಾಗಿಲು ತೆಗೆದಾಗ ಗಂಗೆ ಹೊಸ್ತಿಲು ದಾಟಿ ನನ್ನ ಪಾದ ತೊಳೆದಳು. ಒಂದು ಕ್ಷಣ, ಸಂಪತ್ತು ಇಷ್ಟು ಬೇಗ ಬಂತೇ ಎಂದುಕೊಂಡೆ! ಆಮೇಲೆ ಗಂಟಿನ ನೆನಪಾಯಿತು.

ಬಟ್ಟೆಗಳಿಗೆ ಏನೂ ಆಗಿರಲಿಲ್ಲ, ಗಟ್ಟಿ ಬಣ್ಣದವು. ಆದರೆ ಒಂದೊಂದು ಕಣಕ್ಕೂ ಶಾಂತಕುಮಾರಿ ಒಂದೊಂದು ಚೀಟಿ ಚುಚ್ಚಿದ್ದಳು. ಯಾರ ಕಣ, ಎದೆ ಎಷ್ಟು, ತೋಳು ಎಷ್ಟು ಎಂದು ಇಂಕ್ ಪೆನ್ನಿನಲ್ಲಿ ಬರೆದ ಚೀಟಿಗಳು. ಅವಳ ಲೆಕ್ಕದ ಪುಸ್ತಕವೆಂದರೆ ಆ ಚೀಟಿಗಳೇ. ಇಪ್ಪತ್ತೆರಡೂ ಬೆಳ್ಳಗೆ ಹಲ್ಲು ಕಿರಿಯುತ್ತಿದ್ದವು.

ಸಂಜೆ ಅವಳು ಬಂದಳು. ಬೈಯಲಿಲ್ಲ. ಒಂದೊಂದೇ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಕೊನೆಯ ಚೀಟಿ ನೋಡಿ ಗೋಡೆಗೊರಗಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅದನ್ನು ನೋಡಿ ನನಗೆ ನಿಜವಾಗಿಯೂ ಭಯವಾಯಿತು. ನಾನೇ ಹೋಗಿ ಹೇಳಿಬರುತ್ತೇನೆ ಎಂದೆ.

"ಹೋಗ್ರಿ. ಕಣ ಎಲ್ಲಾ ಒಯ್ದು ಅವರ ಮುಂದೆ ಹಾಸ್ರಿ. ಯಾರ ಕಣ ಯಾರದು ಅಂತ ಅವರೇ ಆರಿಸ್ಕೊಂಡು, ಅಳತಿಗೆ ಒಂದೊಂದು ಹಳೇ ರವಿಕೆ ಅದರಾಗೇ ಸುತ್ತಿ ಕೊಡ್ಲಿ. ಏನಾಯ್ತು ಅಂದ್ರೆ ನೀವೇ ಹೇಳ್ರಿ. ನಿಮ್ಮ ಚೀನಾ ಶಾಸ್ತ್ರ ನನ್ನ ಬಾಯಾಗೆ ಬರಂಗಿಲ್ಲ."

ಭಾನುವಾರ ಬೆಳಗಿನ ರೈಲಿಗೆ ಗಂಟು ಹೊತ್ತು ಹರಿಹರಕ್ಕೆ ಹೋದೆ. ಗುರುಶಾಂತಮ್ಮನವರ ಮನೆಯೊಳಗೆ ಚಪ್ಪರದ ಕೆಲಸದ ಗಂಡಸರು ತುಂಬಿದ್ದರು. ಹೊರಗಿನ ಕಟ್ಟೆಯ ಮೇಲೆಯೇ ಕಣಗಳನ್ನು ಹಾಸಿಕೊಂಡು ಕೂತೆ. ಪರಸ್ತ್ರೀಯರನ್ನು ಕರೆದು ಹಳೇ ರವಿಕೆ ಕೊಡಿ ಎಂದು ಕೇಳುವುದು ಹೇಗೆ ಎಂದು ಮಾತು ಜೋಡಿಸುತ್ತಿದ್ದೆ. ಅಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ಹೆಂಗಸರಿಬ್ಬರು ನಿಂತು, ಬಟ್ಟೆ ಹಿಸುಕಿ ನೋಡಿ, ಮೀಟರಿಗೆ ಎಷ್ಟೆಂದು ಕೇಳಿದರು. ಮಾರುವುದಲ್ಲ ಎಂದರೆ, ಮತ್ಯಾಕೆ ಬೀದಿಯಲ್ಲಿ ಹರವಿಕೊಂಡು ಕೂತಿದ್ದೀಯ ಎಂದು ನನ್ನನ್ನೇ ಗದರಿದರು. ಈ ಚೌಕಾಸಿಯ ನಡುವೆ ಸೈಕಲ್ ಮೇಲೆ ಬಂದಿಳಿದವರು ಅದೇ ಊರಿನವರಾದ ಫಜಲುಲ್ಲಾ ಸಾಹೇಬರು! ನನ್ನ ಕಥೆ ಪೂರ್ತಿ ಕೇಳಿದರು. ಕೇಳಿದ್ದು ಒಂದೇ ಪ್ರಶ್ನೆ.

"ದಿಕ್ಸೂಚಿ ಎಲ್ಲಿಟ್ಟಿದ್ರಿ?"

"ಹೊಲಿಗೆ ಮೆಷಿನ್ ಮಗ್ಗುಲಿಗೆ."

"ಯಾ ಅಲ್ಲಾ. ಅದು ಕಬ್ಬಿಣ ಅಲ್ವೇನ್ರಿ ರಾಮಚಂದ್ರಪ್ಪನೋರೆ? ಮುಳ್ಳು ಉತ್ತರ ಯಾಕ ನೋಡತ್ತೆ, ಮೆಷಿನ್ನೇ ನೋಡತ್ತೆ. ಹದಿನಾರು ವರ್ಷ ಕಬ್ಬಿಣದಾಗೇ ಕುಂತೀರಲ್ರಿ."

ಹಾಗಾದರೆ ಸೂರ್ಯ ಹೇಳಿದ್ದೇ ಸರಿಯೇ ಎಂದು ಕೇಳಿದೆ. ಅವರು ಇಷ್ಟು ವರ್ಷ ಅವನು ತಪ್ಪಿದ್ದನ್ನು ತಾವು ಕಂಡಿಲ್ಲ ಎಂದರು. ಬೆರಳು ಮಡಚಿ ಲೆಕ್ಕ ಹಾಕಿದೆ. ನಿಜವಾದ ಆಗ್ನೇಯ ಶಾಂತಕುಮಾರಿಯ ಕಿಟಕಿ! ಮೆಷಿನ್ ಮೊದಲಿನಿಂದಲೂ ಸಂಪತ್ತಿನ ಮೂಲೆಯಲ್ಲೇ ಇತ್ತು. ಅಲ್ಲಿಂದ ಕಿತ್ತು ಬಚ್ಚಲಿಗೆ ಸಾಗಿಸಿದ ಮಹಾನುಭಾವ ನಾನು.

ಅಷ್ಟರಲ್ಲಿ ಗುರುಶಾಂತಮ್ಮನವರೇ ಹೊರಗೆ ಬಂದರು. ಎಲ್ಲವನ್ನೂ ಒಪ್ಪಿಸಿದೆ. ಅವರ ಹಿಂದೆ ಬಾಗಿಲ ತುಂಬ ಹೆಂಗಸರು, ಒಬ್ಬೊಬ್ಬರ ಬಾಯಿಗೂ ಸೆರಗು. ಗುರುಶಾಂತಮ್ಮನವರು ಮಾತ್ರ ನಗಲಿಲ್ಲ. ಮಂಗಳವಾರಕ್ಕೆ ರವಿಕೆ ಬರುತ್ತದೋ ಇಲ್ಲವೋ ಅಷ್ಟು ಹೇಳಿ ಎಂದರು. ಬರುತ್ತದೆ ಎಂದೆ.

"ನಿಮ್ಮ ಮನಿಯಾಗೆ ಕುಂತು ಹೊಲಿದ್ರೆ ಬರಂಗಿಲ್ಲ," ಎಂದರು. "ಇವತ್ತು ಮಧ್ಯಾಹ್ನದೊಳಗೆ ಮೆಷಿನ್ನೂ ಆಕೀನೂ ಇಲ್ಲಿರ್ಬೇಕು. ಅಳತಿ ಆಕೀನೇ ತಗೊಳ್ಲಿ. ಕಣ ಇಲ್ಲೇ ಬಿಟ್ಟು ಏಳಪ್ಪ."

ದಾವಣಗೆರೆಗೆ ಓಡಿದೆ. ಶಾಂತಕುಮಾರಿ ಎರಡೇ ನಿಮಿಷದಲ್ಲಿ ಸೀರೆ ಬದಲಿಸಿದಳು. ಮೆಷಿನ್ನನ್ನು ಸ್ಟೇಷನ್ನಿಗೆ ಹೋಗುವ ಟಾಂಗಾಕ್ಕೆ ಏರಿಸಿದವನು ನಾನೇ. ಅವಳು ಹೊಸ್ತಿಲು ದಾಟಿ, ತಿರುಗಿ ನೋಡಿ, "ಬಚ್ಚಲ ತೂತು ತೆಗೀರಿ. ಮನಿಯಾಗಿನ ದುಡಿಮೆ ಮುಂಬಾಗ್ಲಾಗೇ ಹೋಗಾಕ್ ಹತ್ತೈತೆ," ಎಂದಳು.

ಮಂಗಳವಾರ ಇಪ್ಪತ್ತೆರಡೂ ರವಿಕೆ ಮುಗಿದವೆಂದೂ, ಗುರುವಾರದ ಮದುವೆಯಲ್ಲಿ ಹೆಂಗಸರೆಲ್ಲ ಅವನ್ನೇ ಹೊಗಳಿದರೆಂದೂ ಫಜಲುಲ್ಲಾ ಹೇಳಿದರು. ನಾನು ಅಷ್ಟು ದಿನವೂ ಮಂಡಕ್ಕಿ ತಿಂದುಕೊಂಡು ಸಿಮೆಂಟು ಕೆತ್ತುತ್ತಿದ್ದೆ. ಶುಕ್ರವಾರ ಕಾರ್ಖಾನೆ ಬಿಟ್ಟ ಮೇಲೆ ಹೆಂಡತಿಯನ್ನು ಕರೆತರಲು ಹೋದೆ. ಗುರುಶಾಂತಮ್ಮನವರ ಪಡಸಾಲೆಯಲ್ಲಿ ಅವಳ ಮೆಷಿನ್ ಓಡುತ್ತಿತ್ತು. ಸುತ್ತ ಬೀದಿಯ ಹೆಂಗಸರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕಣ. ಬರುವುದು ಇನ್ನೂ ಎಂಟು ದಿನವಾಗುತ್ತದೆ ಎಂದು ಅವಳು ತಲೆಯೆತ್ತದೆಯೇ ಹೇಳಿದಳು.

ಮೂರು ವರ್ಷದಿಂದ ಕಾದದ್ದು ಐದೇ ದಿನಕ್ಕೆ ಇಷ್ಟಾಗಬೇಕಾದರೆ, ಇದರಲ್ಲಿ ಗಾಳಿ ನೀರಿನ ಮಹಿಮೆ ಇರಲೇಬೇಕಲ್ಲ! ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ.

"ಶಾಂತಾ, ಇಲ್ಲಿ ಮೆಷಿನ್ ಯಾವ ದಿಕ್ಕಿಗೆ ಇಟ್ಟಾರೆ?"

ಅವಳು ದಾರ ಹಲ್ಲಿನಿಂದ ಕಡಿದು ನನ್ನನ್ನು ನೋಡಿದಳು.

"ದಿಕ್ಕು ನಾ ನೋಡಿಲ್ರಿ. ಇಲ್ಲಿ ಇದನ್ನ ಯಾರೂ ಮುಟ್ಟಂಗಿಲ್ಲ."