ದತ್ತೂರಿಯ ಅರಿಷಿಣ

ಗಜಕರ್ಣ ಬಹಳ ಸಂಕೋಚದ ರೋಗ. ನಾಲ್ಕು ಜನರಿಗೆ ತೋರಿಸಲಾಗದ ಜಾಗವನ್ನೇ ಹುಡುಕಿಕೊಂಡು ಬರುತ್ತದೆ! ನನಗೆ ಬಂದದ್ದು ಸೊಂಟದ ಹಿಂದೆ, ಧೋತರದ ಒಳಗೆ. ಹೆಂಡತಿ ಸುಶೀಲೆಗೆ ಹೇಳುವಂತಿರಲಿಲ್ಲ. ಹೇಳಿದ್ದರೆ ಅಂದೇ ನನ್ನ ಹಾಸಿಗೆ ಪಡಸಾಲೆಗೆ ಬರುತ್ತಿತ್ತು, ಸುದ್ದಿ ಇಡೀ ದೇಶಪಾಂಡೆ ನಗರ ಸುತ್ತುತ್ತಿತ್ತು.

ಆಫೀಸಿನ ವೆಂಕಣ್ಣ ಗುಟ್ಟಾಗಿ ಔಷಧ ಹೇಳಿದ.

"ಹಳದಿ ದತ್ತೂರಿ ಹಾಲು ಹಚ್ರಿ. ಮೈತುಂಬ ಮುಳ್ಳು, ಹಳದಿ ಹೂ. ಮುರದ್ರ ಹಾಲೂ ಹಳದೀನ ಬರ್ತದ. ಬಾಯಿಗೆ ಹೋಗದಂಗ ನೋಡ್ಕೋರಿ, ವಿಷ ಅದ."

ವಿಷ ಅಂದಮೇಲೆ ಗುಣವಿರಲೇಬೇಕು! ಮರುದಿನ ನಸುಕಿನಲ್ಲೇ ಎದ್ದು, "ಗಾಳಿ ತಗೊಂಡು ಬರ್ತೇನಿ" ಎಂದು ಸೈಕಲ್ ಹತ್ತಿ ಬೈರಿದೇವರಕೊಪ್ಪದ ಬಯಲಿಗೆ ಹೋದೆ. ಬಿಸಿಲೇರುವವರೆಗೆ ಹಾಸಿಗೆ ಬಿಡದ ಗಂಡನಿಗೆ ಒಮ್ಮೆಲೇ ಗಾಳಿ ಏಕೆ ಬೇಕಾಯಿತು ಎಂದು ಸುಶೀಲೆ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದಳು.

ಗಿಡ ನನಗೆ ಸಿಕ್ಕಿತು. ನಾನೂ ಗಿಡಕ್ಕೆ ಸಿಕ್ಕೆ! ಮುಳ್ಳು ಮುಂಗೈ ತುಂಬ ಗೀರಿತು. ಹಾಲು ಹಚ್ಚಿದೆ, ಉರಿಯಿತು. ಉರಿದಷ್ಟು ಒಳ್ಳೆಯದೆಂದು ದಿನಾ ಹೋಗಿ ಇನ್ನಷ್ಟು ಹಚ್ಚಿದೆ.

ಒಂದು ಬೆಳಿಗ್ಗೆ ಒಗೆಯುವ ಕಲ್ಲಿನ ಹತ್ತಿರ ಸುಶೀಲೆ ನನ್ನ ಧೋತರ ಎತ್ತಿ ಹಿಡಿದಳು.

"ಏನ್ರಿ, ಇದಕ್ಕ ಅರಿಷಿಣ ಹೆಂಗ ಹತ್ತಿತು?"

"ಆಫೀಸಿನ ಶಾಯಿ."

"ಹಳದಿ ಶಾಯಿ? ಯಾವ ಸರಕಾರ ಕೊಡ್ತದ್ರಿ ಅದನ್ನ? ಕೈಗೇನಾತು? ಬಳಿ ಒಡದು ಗೀರಿದಂಗದ."

ಧ್ವನಿ ತಣ್ಣಗಿತ್ತು. ಕೂಗುವ ಹೆಂಡತಿಗೆ ನಾನು ಹೆದರುವುದಿಲ್ಲ, ತಣ್ಣಗಿರುವವಳಿಗೆ ಹೆದರುತ್ತೇನೆ.

ನಮ್ಮ ಕಡೆ ಗಂಡಸಿನ ಮೈಗೆ ಅರಿಷಿಣ ಹಚ್ಚುವುದು ಲಗ್ನದಲ್ಲಿ. ಇದು ನನಗೆ ಹೊಳೆಯಲಿಲ್ಲ. ಪಕ್ಕದ ಮನೆಯ ಕಮಲಾಬಾಯಿಗೆ ಹೊಳೆಯಿತು! ಗೋಡೆಯಾಚೆಯಿಂದ ಸುಶೀಲೆಗೆ ಹೇಳುತ್ತಿದ್ದಳು: "ಬೈರಿದೇವರಕೊಪ್ಪದಾಗ ಯಾರರ ಅದಾರೇನವಾ? ನಮ್ಮನಿಯವರು ದಿನಾ ಅಲ್ಲೇ ಇವರ ಸೈಕಲ್ ನೋಡ್ತಾರಂತ." ಮಂದಿಗೆ ಮಾತಾಡಲು ಏನಾದರೂ ಬೇಕು ಎಂದುಕೊಂಡು ನಾನು ಆಫೀಸಿಗೆ ನಡೆದೆ.

ಸಂಜೆ ಬಂದಾಗ ಬಾಗಿಲಲ್ಲಿ ಸುಶೀಲೆಯ ಟ್ರಂಕು ಕೂತಿತ್ತು. ಧಾರವಾಡದಿಂದ ಮಾವನವರು ಬಂದು ಕುರ್ಚಿಯ ಮೇಲೆ ಕೂತಿದ್ದರು. ಅತ್ತು ಅತ್ತು ಸುಶೀಲೆಯ ಮುಖ ಬಾತಿತ್ತು. ಇವಳು ಹೋದರೆ ಈ ಮನೆಯಲ್ಲಿ ನನಗೇನಿದೆ?

"ಅಳಿಯಂದಿರ, ಈಗ ಕಾಯ್ದೆ ಬಂದದ. ಎರಡನೇ ಲಗ್ನ ಆದ್ರ ನೌಕರಿ ಹೋಗ್ತದ, ಜೇಲೂ ಆಗ್ತದ."

"ಲಗ್ನ ಅಲ್ರಿ ಮಾವಾರ! ಎಲ್ಲಾ ದತ್ತೂರಿ ಸಲುವಾಗಿ!"

"ಕಸ್ತೂರಿ?" ಸುಶೀಲೆ ಚೀರಿದಳು. "ನೋಡ್ರಿ ಅಪ್ಪಾ, ಹೆಸರೂ ಹೊರಗ ಬಂತು!"

ಇನ್ನು ಬಾಯಿಮಾತು ನಡೆಯುವಂತಿರಲಿಲ್ಲ. ಮಾವನವರನ್ನು ಸಗೌರವವಾಗಿ ಒಳಕೋಣೆಗೆ ಕರೆದೊಯ್ದು, ಕದ ಮುಚ್ಚಿ, ಧೋತರ ಸಡಿಲಿಸಿ, ಸಾಕ್ಷಿಯನ್ನು ಹಾಜರುಪಡಿಸಿದೆ. ಅವರು ಕನ್ನಡಕ ಏರಿಸಿ ಸಾವಕಾಶವಾಗಿ ಪರಿಶೀಲಿಸಿದರು. ನಂತರ ಕದ ತೆರೆದು ಓಣಿಗೆಲ್ಲ ಕೇಳುವಂತೆ ತೀರ್ಪು ಕೊಟ್ಟರು.

"ಲಗ್ನ ಅಲ್ಲವಾ ಸುಶೀ! ಗಜಕರ್ಣ!"

ಗೋಡೆಯಾಚೆ ಕಮಲಾಬಾಯಿ ನಕ್ಕದ್ದು ಕೇಳಿಸಿತು. ಸುಶೀಲೆ ಕಣ್ಣೊರೆಸಿಕೊಂಡು ಟ್ರಂಕನ್ನು ಒಳಗೆ ಒಯ್ದಳು. ಬರುವಾಗ ನನ್ನ ಹಾಸಿಗೆಯನ್ನು ಹೊರಗೆ ತಂದು ಪಡಸಾಲೆಯಲ್ಲಿ ಎಸೆದಳು.

"ನಾನರ ಎಂಥಾ ಹುಚ್ಚಿ ಅಪ್ಪಾ! ಇವರಿಗೆ ಇನ್ನೊಂದು ಸಲ ಯಾರು ಹೆಣ್ಣು ಕೊಡ್ತಾರ?"

"ಮೊದಲನೇ ಸಲ ನಾ ಕೊಟ್ಟದ್ದ ಹೆಚ್ಚಾತು" ಎಂದರು ಮಾವನವರು, ಚಹಾ ಕುಡಿಯುತ್ತ.

ಪಡಸಾಲೆಯಲ್ಲಿ ಬೋರಲು ಮಲಗಿ ಎಲ್ಲವನ್ನೂ ಕೇಳಿಸಿಕೊಂಡೆ. ಅಷ್ಟು ದಿನ ನನ್ನ ಒಂದೊಂದು ಮಾತಿಗೂ ಸಂಶಯಪಟ್ಟ ನಮ್ಮ ಓಣಿಯಲ್ಲಿ, ನನಗೆ ಇನ್ನೊಂದು ಹೆಣ್ಣು ಸಿಗದೆಂಬ ಈ ಮಾತಿಗೆ ಮಾತ್ರ ಯಾರಿಗೂ ಸಂಶಯ ಬರಲಿಲ್ಲ!